ನೀರನ್ನು ಓಡಿಸಿ ಕಟ್ಟಿದ ನಾಡು

ದಕ್ಷಿಣ ಫ್ಲೋರಿಡಾದಲ್ಲಿ ಏರು-ಇಳಿಜಾರು ಕಣ್ಣಿಗೆ ಬೀಳುವುದೇ ಇಲ್ಲ. ಇಡೀ ಫ್ಲೋರಿಡಾ ರಾಜ್ಯದ ಅತಿ ಎತ್ತರದ ಜಾಗವೇ 345 ಅಡಿ, ಅದೂ ಉತ್ತರದಲ್ಲಿ, ಅಲಬಾಮಾ ಗಡಿಯ ಹತ್ತಿರ. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಅತಿ ಎತ್ತರದ ಜಾಗವೇ ಇಷ್ಟು ತಗ್ಗಿನಲ್ಲಿರುವ ರಾಜ್ಯ ಬೇರೊಂದಿಲ್ಲ. ಮಯಾಮಿಯ ಸುತ್ತಮುತ್ತ ಸಮುದ್ರ ಮಟ್ಟದಿಂದ ಹತ್ತು ಅಡಿ ಮೇಲಿದ್ದರೆ ಅದು ಎತ್ತರದ ನಿವೇಶನ. ನಾನು ಹುಟ್ಟಿ ಬೆಳೆದದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಸಮುದ್ರ ಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಮೇಲೆ. ಅಲ್ಲಿ ನೀರು ಬೇಕಾದರೆ ಸಾವಿರ, ಸಾವಿರದೈನೂರು ಅಡಿ ಕೊಳವೆಬಾವಿ ಕೊರೆಸಬೇಕು. ಕೊರೆಸಿದ ಮೇಲೂ ಬಂದರೆ ಬಂತು, ಇಲ್ಲದಿದ್ದರೆ ಸಾಲವಷ್ಟೇ ಉಳಿಯಿತು. ಇಲ್ಲಿ ಹಿತ್ತಿಲಲ್ಲಿ ಗಿಡ ನೆಡಲು ಗುಂಡಿ ತೋಡಿದರೆ ನಾಲ್ಕು ಅಡಿಗೇ ನೀರು ಜಿನುಗುತ್ತದೆ. ಹಾಗಿದ್ದೂ ಈ ನಾಡಿನ ನೂರು ವರ್ಷಗಳ ಬೆಳವಣಿಗೆಯ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ನೀರನ್ನು ಹೊರಗೆ ಹಾಕಿದ ಚರಿತ್ರೆ. ಬರಗಾಲದ ಸೀಮೆಯಿಂದ ಬಂದ ನನಗೆ ಇದು ಇಂದಿಗೂ ಜೀರ್ಣವಾಗಿಲ್ಲ. ಅದಕ್ಕಾಗಿಯೇ ಈ ನಾಡಿನ ಬಗ್ಗೆ ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ಮಯಾಮಿ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಸುಮಾರು 260 ಕಿ.ಮೀ. ಉತ್ತರಕ್ಕೆ. ಭೂಪಟದ ಲೆಕ್ಕದಲ್ಲಿ ಇದು ಉಪೋಷ್ಣವಲಯ. ಆದರೆ ಪೂರ್ವದ ಕಡಲಲ್ಲಿ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹದ ದೆಸೆಯಿಂದ ಚಳಿಗಾಲವೆಂಬುದು ಹೆಸರಿಗಷ್ಟೇ. ವರ್ಷಕ್ಕೆ ಸುಮಾರು 1,500 ಮಿ.ಮೀ. ಮಳೆ ಬೀಳುತ್ತದೆ, ಕೋಲಾರದ ಎರಡರಷ್ಟು. ಅದರಲ್ಲಿ ಹೆಚ್ಚಿನದು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಬೆಳಿಗ್ಗೆಯೆಲ್ಲ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಪೂರ್ವದ ಅಟ್ಲಾಂಟಿಕ್ ಕಡೆಯಿಂದ ಒಂದು ಗಾಳಿ, ಪಶ್ಚಿಮದ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಇನ್ನೊಂದು ಗಾಳಿ ಬಂದು ನಡುವೆ ಸೇರಿ ಮೋಡ ಕಟ್ಟುತ್ತವೆ. ಸಂಜೆಯೊಳಗೆ ಗುಡುಗು, ಸಿಡಿಲು, ಧಾರಾಕಾರ ಮಳೆ. ಒಂದು ಗಂಟೆಯಲ್ಲಿ ಎಲ್ಲ ಮುಗಿದು ಮತ್ತೆ ಬಿಸಿಲು.

ಈ ಮಳೆಯ ನೀರಿಗೆ ತನ್ನದೇ ಒಂದು ದಾರಿಯಿತ್ತು. ಓರ್ಲ್ಯಾಂಡೊ ಪಟ್ಟಣದ ದಕ್ಷಿಣದ ಕೆರೆಗಳಿಂದ ಕಿಸಿಮ್ಮಿ ಎಂಬ ನದಿ ಸುತ್ತಿ ಬಳಸಿ 166 ಕಿ.ಮೀ. ಹರಿದು ಓಕಿಚೋಬಿ ಎಂಬ ದೊಡ್ಡ ಸರೋವರಕ್ಕೆ ಸೇರುತ್ತಿತ್ತು. ಆ ಸರೋವರದ ವಿಸ್ತಾರ ಸುಮಾರು 1,900 ಚದರ ಕಿ.ಮೀ., ಸರಾಸರಿ ಆಳ ಒಂಬತ್ತೇ ಅಡಿ. ಮಳೆಗಾಲದಲ್ಲಿ ಅದು ತುಂಬಿದಾಗ ದಕ್ಷಿಣದ ಅಂಚಿನಲ್ಲಿ ಉಕ್ಕಿ ಹರಿಯುತ್ತಿತ್ತು. ಉಕ್ಕಿದ ನೀರಿಗೆ ದಂಡೆಯಿಲ್ಲ, ಪಾತ್ರವಿಲ್ಲ. ಸುಮಾರು ನೂರು ಕಿ.ಮೀ. ಅಗಲಕ್ಕೆ ತೆಳ್ಳಗೆ ಹರಡಿಕೊಂಡು, ಗರಗಸದಂಥ ಅಂಚಿನ ಎತ್ತರದ ಹುಲ್ಲಿನ ನಡುವೆ, ಮೈಲಿಗೆ ಎರಡೇ ಇಂಚಿನಷ್ಟು ಇಳಿಜಾರಿನಲ್ಲಿ, ತಿಂಗಳುಗಟ್ಟಲೆ ಸಾಗಿ ಫ್ಲೋರಿಡಾ ಕೊಲ್ಲಿಯನ್ನು ಸೇರುತ್ತಿತ್ತು. ಇದೇ ಎವರ್‌ಗ್ಲೇಡ್ಸ್. ನಿಂತು ನೋಡಿದರೆ ಹುಲ್ಲುಗಾವಲು. ಹುಲ್ಲಿನ ಬುಡದಲ್ಲಿ ಕೈ ಇಟ್ಟರೆ ಬೆರಳುಗಳ ನಡುವೆ ನೀರು ಸರಿಯುವುದು ತಿಳಿಯುತ್ತದೆ, ಅಷ್ಟು ನಿಧಾನವಾಗಿ, ಅಷ್ಟು ತಿಳಿಯಾಗಿ.

ಈ ನೀರಿನ ಜೊತೆ ಬಾಳಲು ಕಲಿತವರು ಇಲ್ಲಿ ಇದ್ದರು, ಈಗಲೂ ಇದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಸೇನೆ ಇಲ್ಲಿನ ಮೂಲನಿವಾಸಿಗಳಾದ ಸೆಮಿನೋಲ್ ಜನರ ಮೇಲೆ ಮೂರು ಯುದ್ಧಗಳನ್ನು ನಡೆಸಿ ಹೆಚ್ಚಿನವರನ್ನು ಪಶ್ಚಿಮಕ್ಕೆ ಅಟ್ಟಿತು. ಕೆಲವು ನೂರು ಮಂದಿ ಮಾತ್ರ ಈ ಹುಲ್ಲಿನ ನೀರಿನೊಳಗಿನ ಮರಗಳ ದಿಬ್ಬಗಳಲ್ಲಿ ಉಳಿದುಕೊಂಡರು. ಸೆಮಿನೋಲ್ ಮತ್ತು ಮಿಕ್ಕೊಸುಕಿ ಜನ ಅವರ ಸಂತತಿ. ಅವರ ಮನೆಯ ಹೆಸರು ಚಿಕೀ. ಸೈಪ್ರಸ್ ಮರದ ಕಂಬಗಳು, ತಾಳೆ ಜಾತಿಯ ಗರಿಯ ಸೂರು, ನೆಲದಿಂದ ಮೇಲೆತ್ತಿದ ಜಗುಲಿ. ಗೋಡೆಯಿಲ್ಲ. ನೀರು ಬಂದರೆ ಜಗುಲಿಯ ಕೆಳಗೆ ಹರಿದು ಹೋಗಲಿ, ಗಾಳಿ ಬಂದರೆ ನಡುವೆ ತೂರಿ ಹೋಗಲಿ. ಸೂರು ಹಾರಿದರೆ ಮತ್ತೆ ಗರಿ ಕಡಿದು ಹೊದಿಸಿಕೊಳ್ಳಬಹುದು. ಹೆದ್ದಾರಿ ಪಕ್ಕದ ಮಿಕ್ಕೊಸುಕಿ ಹಳ್ಳಿಯಲ್ಲಿ ಅಂಥ ಒಂದು ಚಿಕೀಯೊಳಗೆ ಕುಳಿತಿದ್ದಾಗ, ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ತಣ್ಣನೆಯ ಗಾಳಿ ಆಡುತ್ತಿತ್ತು. ಈ ನೆಲವನ್ನು ಓದಿ ತಿಳಿದವರು ಕಟ್ಟಿದ ಮನೆ ಅದು.

ಆಮೇಲೆ ಬಂದವರಿಗೆ ಇದು ಜೌಗು, ಹಾಳುಬಿದ್ದ ನೆಲ. 1881ರಲ್ಲಿ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಫಿಲಡೆಲ್ಫಿಯಾದ ಉದ್ಯಮಿ ಎಕರೆಗೆ 25 ಸೆಂಟ್‌ನಂತೆ 40 ಲಕ್ಷ ಎಕರೆ ಕೊಂಡು ಕಾಲುವೆ ತೋಡಿಸಲು ಹೊರಟ. 1905ರಲ್ಲಿ ಗವರ್ನರ್ ಆದ ನೆಪೋಲಿಯನ್ ಬೊನಪಾರ್ಟ್ ಬ್ರೋವರ್ಡ್ ಎವರ್‌ಗ್ಲೇಡ್ಸನ್ನು ಬಸಿದು ಒಣಗಿಸುವ ಭರವಸೆಯ ಮೇಲೆಯೇ ಚುನಾವಣೆ ಗೆದ್ದವರು. ಸರೋವರ ಸಮುದ್ರಕ್ಕಿಂತ ಎತ್ತರದಲ್ಲಿದೆ, ಕಾಲುವೆ ತೋಡಿದರೆ ನೀರು ತಾನಾಗಿ ಇಳಿದು ಹೋಗುತ್ತದೆ ಎಂಬುದು ಅವರ ಸರಳ ತರ್ಕ. ನಾನು ಈಗ ಮನೆ ಮಾಡಿಕೊಂಡಿರುವ ಕೌಂಟಿಗೆ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗಕ್ಕೆ, ಅವರದೇ ಹೆಸರು.

ನೀರು ಇಳಿದಾಗ ಏನಾಯಿತೆಂಬುದನ್ನು ನೋಡಬೇಕಾದರೆ ಓಕಿಚೋಬಿಯ ದಕ್ಷಿಣ ದಂಡೆಯ ಬೆಲ್ ಗ್ಲೇಡ್ ಊರಿಗೆ ಹೋಗಬೇಕು. ಸಾವಿರಾರು ವರ್ಷ ಹುಲ್ಲು ಕೊಳೆತು ಕೂಡಿಕೊಂಡ ಕಪ್ಪು ಮಣ್ಣು ಅಲ್ಲಿಯದು. ಹಿಡಿಯಷ್ಟು ತೆಗೆದುಕೊಂಡು ಹಿಸುಕಿದರೆ ಬೆರಳೆಲ್ಲ ಮಸಿ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ ಒಂಬತ್ತು ಅಡಿ ಉದ್ದದ ಕಾಂಕ್ರೀಟ್ ಕಂಬವೊಂದನ್ನು ತಳದ ಸುಣ್ಣಕಲ್ಲಿನ ಮೇಲೆ ನಿಲ್ಲಿಸಿ, ಅದರ ತಲೆ ನೆಲಮಟ್ಟಕ್ಕೆ ಸರಿಯಾಗಿರುವಂತೆ ಹೂತರು. ಇಂದು ಆ ಕಂಬ ಆರಡಿಗೂ ಹೆಚ್ಚು ಹೊರಗೆ ನಿಂತಿದೆ. ಅದರ ಪಕ್ಕ ನಿಂತರೆ ತುದಿ ನನ್ನ ತಲೆಗಿಂತ ಮೇಲೆ. ಕಂಬ ಮೇಲೆ ಬಂದಿಲ್ಲ, ನೆಲ ಕೆಳಗಿಳಿದಿದೆ. ನೀರಿನಡಿ ಇರುವವರೆಗೆ ಆ ಮಣ್ಣು ಭದ್ರವಾಗಿತ್ತು. ನೀರು ಬಸಿದು ಗಾಳಿ ತಾಗಿದ್ದೇ ತಡ, ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸತೊಡಗಿದವು. ಒಣಗಿದ್ದು ಗಾಳಿಗೆ ಹಾರಿತು, ಕೆಲವೊಮ್ಮೆ ಬೆಂಕಿಗೂ ಬಿತ್ತು. ನಮ್ಮ ಕಡೆ ಒಂದು ಇಂಚು ಮೇಲ್ಮಣ್ಣು ಕೊಚ್ಚಿಹೋದರೆ ಅಪ್ಪ ವರ್ಷವಿಡೀ ಹಲುಬುತ್ತಿದ್ದರು. ಅಲ್ಲಿ ನಿಂತಾಗ ನನಗೆ ಅವರದೇ ನೆನಪು.

ಆ ಮಣ್ಣಿನಲ್ಲಿ ಇಂದು ಕಣ್ಣು ಹಾಯುವಷ್ಟು ದೂರ ಕಬ್ಬು. ಕಬ್ಬು ಅಷ್ಟು ವಿಸ್ತಾರವಾಗಿ ಹಬ್ಬಿದ್ದಕ್ಕೆ ಕಾರಣ ಕ್ಯೂಬಾ. ಅಲ್ಲಿ ಕ್ರಾಂತಿಯಾಗಿ, ಅಮೆರಿಕ ಅಲ್ಲಿನ ಸಕ್ಕರೆಯನ್ನು ನಿಲ್ಲಿಸಿದ ಮೇಲೆ, 1960ರ ದಶಕದಲ್ಲಿ ಇಲ್ಲಿನ ಕಬ್ಬಿನ ಗದ್ದೆಗಳು ಹಲವು ಪಟ್ಟು ಬೆಳೆದವು. ಮೂರು ದಶಕ ಜಮೈಕಾ ಮತ್ತಿತರ ದ್ವೀಪಗಳಿಂದ ಬಂದ ಕೂಲಿಗಳು ಕೈಯಿಂದಲೇ ಕಬ್ಬು ಕಡಿದರು. ಆಮೇಲೆ ಯಂತ್ರ ಬಂತು.

ಇದಕ್ಕೂ ಮೊದಲು, 1928ರ ಸೆಪ್ಟೆಂಬರ್‌ನಲ್ಲಿ, ಸರೋವರಕ್ಕೆ ಕಟ್ಟಿದ್ದ ಮಣ್ಣಿನ ಏರಿ ಚಂಡಮಾರುತಕ್ಕೆ ಒಡೆಯಿತು. ಕನಿಷ್ಠ 2,500 ಜನ ಸತ್ತರು, ಬಹುಪಾಲು ಕಪ್ಪು ಕೃಷಿ ಕೂಲಿಗಳು. ವೆಸ್ಟ್ ಪಾಮ್ ಬೀಚ್‌ನಲ್ಲಿ ಬಿಳಿಯರಿಗೆ ಶವಪೆಟ್ಟಿಗೆ ಸಿಕ್ಕಿತು. 674 ಕಪ್ಪು ಜನರನ್ನು ಒಂದೇ ಗುಂಡಿಯಲ್ಲಿ ಹೂತರು, ದಶಕಗಳ ಕಾಲ ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಬಳಿಕ ಸರೋವರದ ಸುತ್ತ ಸುಮಾರು 230 ಕಿ.ಮೀ. ಉದ್ದದ ದೊಡ್ಡ ಏರಿ ಬಂತು. 1947ರಲ್ಲಿ ಒಂದರ ಹಿಂದೆ ಒಂದು ಚಂಡಮಾರುತ ಬಂದು ಊರೂರು ಮುಳುಗಿದ ಮೇಲೆ, 1948ರಲ್ಲಿ ಸಂಸತ್ತು ಬೃಹತ್ ಪ್ರವಾಹ ನಿಯಂತ್ರಣ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂದು ದಕ್ಷಿಣ ಫ್ಲೋರಿಡಾದ ನೀರಿನ ಇಲಾಖೆಯ ಕೈಯಲ್ಲಿ ಸುಮಾರು 3,500 ಕಿ.ಮೀ. ಕಾಲುವೆಗಳಿವೆ. ಅವುಗಳ ಮೂಲಕ ದಿನಕ್ಕೆ ಸರಾಸರಿ 170 ಕೋಟಿ ಗ್ಯಾಲನ್, ಎಂದರೆ ಸುಮಾರು 640 ಕೋಟಿ ಲೀಟರ್ ಸಿಹಿನೀರು ಕಡಲಿಗೆ ಹೋಗುತ್ತದೆ ಎಂಬುದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. ನಮ್ಮ ಕೋಲಾರದ ಕೆರೆಗಳನ್ನು ತುಂಬಿಸಲು 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಹರಿಸಬೇಕಾದದ್ದು ದಿನಕ್ಕೆ 44 ಕೋಟಿ ಲೀಟರ್. ಅದೂ ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನು ಸಂಸ್ಕರಿಸಿದ್ದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಎದೆ ಭಾರವಾಗುತ್ತದೆ.

ಈಗ ಪೂರ್ವದ ಕರಾವಳಿಗೆ ಬರೋಣ, ಏಕೆಂದರೆ ಜನ ಬಂದದ್ದು ಅಲ್ಲಿಗೆ. ಕಡಲಿಗೂ ಎವರ್‌ಗ್ಲೇಡ್ಸಿಗೂ ನಡುವೆ ಸುಣ್ಣಕಲ್ಲಿನ ಒಂದು ಸಣ್ಣ ದಿಣ್ಣೆ ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಹತ್ತು ಅಡಿ, ಕೆಲವೆಡೆ ಇಪ್ಪತ್ತು ಅಡಿ ಎತ್ತರ. 1894-95ರ ಚಳಿಗಾಲದಲ್ಲಿ ಹಿಮ ಬಿದ್ದು ಉತ್ತರದ ಕಿತ್ತಳೆ ತೋಟಗಳೆಲ್ಲ ಸುಟ್ಟುಹೋದಾಗ ಈ ತುದಿಯಲ್ಲಿ ಗಿಡಗಳು ಹಸಿರಾಗಿಯೇ ಇದ್ದವು. ಮಯಾಮಿ ನದಿಯ ದಂಡೆಯಲ್ಲಿ ಜಮೀನು ಹೊಂದಿದ್ದ ಜೂಲಿಯಾ ಟಟಲ್ ಎಂಬ ಮಹಿಳೆ ರೈಲ್ವೆ ಉದ್ಯಮಿ ಹೆನ್ರಿ ಫ್ಲಾಗ್ಲರ್‌ಗೆ ತನ್ನ ಭೂಮಿಯಲ್ಲಿ ಪಾಲು ಕೊಟ್ಟು ರೈಲನ್ನು ಕರೆಸಿಕೊಂಡರು. 1896ರ ಏಪ್ರಿಲ್‌ನಲ್ಲಿ ರೈಲು ಬಂತು, ಜುಲೈನಲ್ಲಿ ಮಯಾಮಿ ನಗರವಾಯಿತು. ನಗರವಾಗಬೇಕೆಂದು ಅಂದು ಮತ ಹಾಕಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಕಪ್ಪು ಕಾರ್ಮಿಕರು. ಬಹಾಮಾಸ್ ದ್ವೀಪಗಳಿಂದ ಬಂದವರೂ ಊರನ್ನು ಕಟ್ಟಿದವರಲ್ಲಿ ಮುಖ್ಯರು. ಸುಣ್ಣಕಲ್ಲನ್ನು ಕಡಿದು ಮನೆ ಕಟ್ಟುವುದು, ಈ ಕಲ್ಲುನೆಲದಲ್ಲಿ ಗಿಡ ಬೆಳೆಸುವುದು ಅವರಿಗೆ ಗೊತ್ತಿತ್ತು. ಮತ ಹಾಕಿದ ಮೇಲೆ ಕಪ್ಪು ಜನರನ್ನು ರೈಲು ಹಳಿಯ ಆಚೆ ಓವರ್‌ಟೌನ್ ಎಂಬ ಕೇರಿಗೆ ಸೀಮಿತಗೊಳಿಸಲಾಯಿತು. 1960ರ ದಶಕದಲ್ಲಿ ಹೆದ್ದಾರಿ ಆ ಕೇರಿಯನ್ನೂ ಸೀಳಿಕೊಂಡು ಹೋಯಿತು. ನಗರವನ್ನು ಹೊಗಳುವ ಬರಹಗಳಲ್ಲಿ ಇವರ ಪಾಲು ಒಂದು ಸಾಲಿಗೆ ಮುಗಿಯುವುದು ನನಗೆ ಸರಿ ಕಾಣುವುದಿಲ್ಲ.

ಹವಾನಿಯಂತ್ರಣ ಯಂತ್ರ ಮನೆಮನೆಗೆ ಬರುವವರೆಗೆ ಬೆಳವಣಿಗೆಗೆ ಒಂದು ಮಿತಿಯಿತ್ತು. ಎರಡನೇ ಮಹಾಯುದ್ಧದ ನಂತರ ಆ ಮಿತಿ ಕಳಚಿತು. 1950ರಲ್ಲಿ ಫ್ಲೋರಿಡಾದ ಜನಸಂಖ್ಯೆ ಸುಮಾರು 28 ಲಕ್ಷ. 2020ರಲ್ಲಿ ಎರಡು ಕೋಟಿ 15 ಲಕ್ಷ, ಈಗ ಎರಡು ಕೋಟಿ 30 ಲಕ್ಷವನ್ನೂ ದಾಟಿದೆ. ಮಯಾಮಿ-ಡೇಡ್ ಕೌಂಟಿಯೊಂದೇ ಆ ಎಪ್ಪತ್ತು ವರ್ಷಗಳಲ್ಲಿ ಐದು ಲಕ್ಷದಿಂದ 27 ಲಕ್ಷಕ್ಕೆ ಏರಿತು.

ಯಾರು ಬಂದರು ಎಂಬುದರಲ್ಲಿ ಈ ನಾಡಿನ ಸಂಸ್ಕೃತಿಯಿದೆ. 1959ರ ಕ್ರಾಂತಿಯ ಬಳಿಕ ಕ್ಯೂಬಾದವರು ಬಂದರು, 1965ರಿಂದ 1973ರವರೆಗೆ ವಿಮಾನ ವಿಮಾನವಾಗಿ, 1980ರಲ್ಲಿ ಮಾರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು ಒಂದೂಕಾಲು ಲಕ್ಷ. ಹೈಟಿಯವರು ಬಂದರು, ನಿಕರಾಗುವಾದವರು, ಕೊಲಂಬಿಯಾದವರು, ವೆನೆಜುವೆಲಾದವರು. ಇಂದು ಮಯಾಮಿ-ಡೇಡ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಹಯಾಲಿಯಾ ಪಟ್ಟಣದಲ್ಲಿ ಇಂಗ್ಲಿಷ್ ಇಲ್ಲದೆ ಇಡೀ ಬದುಕು ನಡೆಯುತ್ತದೆ. ಅಲ್ಲಿನ ಕಾಫಿ ಅಂಗಡಿಗಳಿಗೆ ಬೀದಿಗೆ ತೆರೆದುಕೊಂಡ ಒಂದು ಕಿಟಕಿ ಇರುತ್ತದೆ. ಕಿಟಕಿಯ ಮುಂದೆ ನಿಂತು ಕೊಲಾದಾ ಕೇಳಿದರೆ ಗಟ್ಟಿ ಡಿಕಾಕ್ಷನ್‌ಗೆ ಸಕ್ಕರೆ ನೊರೆ ಕಲಸಿ ಒಂದು ಲೋಟ ಕೊಡುತ್ತಾರೆ, ಜೊತೆಗೆ ಹೆಬ್ಬೆರಳಿನಷ್ಟು ದೊಡ್ಡ ನಾಲ್ಕಾರು ಪುಟಾಣಿ ಕಪ್ಪುಗಳು. ನಮ್ಮ ಬೈಟು ಕಾಫಿಯಂತೆಯೇ ಅದು ಒಬ್ಬರೇ ಕುಡಿಯುವುದಲ್ಲ, ಹಂಚಿಕೊಳ್ಳುವುದು. ಪಕ್ಕದಲ್ಲಿ ನಿಂತ ಅಪರಿಚಿತರಿಗೂ ಒಂದು ಕಪ್ಪು ಬರುತ್ತದೆ. ಮುದುಕರು ಮಾತಾಡುವುದು ಮಳೆ, ಬೇಸ್‌ಬಾಲ್, ಮತ್ತೆ ಹವಾನಾ.

ನಮ್ಮ ಬ್ರೋವರ್ಡ್ ಕಡೆ ಟ್ರಿನಿಡಾಡ್, ಗಯಾನಾಗಳಿಂದ ಬಂದ ಭಾರತ ಮೂಲದವರು ಬಹಳ ಮಂದಿ ಇದ್ದಾರೆ. ಅವರ ಪೂರ್ವಜರು ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿನ ಗದ್ದೆಗಳಿಗೆ ಗಿರಮಿಟ್ ಕೂಲಿಗಳಾಗಿ, ಎಂದರೆ ಕರಾರಿನ ಕೂಲಿಗಳಾಗಿ ಹೋದವರು. ಅವರ ದೇವಸ್ಥಾನದಲ್ಲಿ ಒಬ್ಬ ಅಜ್ಜಿ ಹಾರ್ಮೋನಿಯಂ ನುಡಿಸುತ್ತ ತುಳಸೀದಾಸರ ಚೌಪಾಯಿ ಹಾಡುತ್ತಾರೆ. ಆಡುಮಾತಾಗಿ ಹಿಂದಿ ಅವರಿಗೆ ಬಾರದು, ಆದರೆ ಹಾಡಿನ ಒಂದಕ್ಷರ ತಪ್ಪುವುದಿಲ್ಲ. ನಾವು ಕನ್ನಡಿಗರು ಇಲ್ಲಿ ಕೈಬೆರಳೆಣಿಕೆಯಷ್ಟಲ್ಲದಿದ್ದರೂ ಕಡಿಮೆಯೇ. ಯುಗಾದಿಗೆ ಬಾಡಿಗೆ ಸಭಾಂಗಣವೊಂದರಲ್ಲಿ ಸೇರುತ್ತೇವೆ. ಒಂದು ಸಂತೋಷವೆಂದರೆ, ತೋರಣಕ್ಕೆ ಮಾವಿನ ಎಲೆಯನ್ನು ನಮ್ಮ ಹಿತ್ತಿಲಿನಿಂದಲೇ ಕೊಯ್ದು ತರುತ್ತೇವೆ. ಬೇವಿನ ಮರಗಳೂ ಇಲ್ಲಿ ಬೆಳೆಯುತ್ತವೆ. ಚಿಕಾಗೊ, ನ್ಯೂಜೆರ್ಸಿಯಲ್ಲಿರುವ ಬಂಧುಗಳಿಗೆ ಈ ಭಾಗ್ಯವಿಲ್ಲ.

ಮಾವಿನ ಮಾತು ಬಂತು, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಶ್ರೀನಿವಾಸಪುರ ಎಂದರೆ ಮಾವು. ಬಾದಾಮಿ, ರಸಪುರಿ, ತೋತಾಪುರಿ, ಸೇಂದೂರ, ನೀಲಂ, ಮಲಗೋವಾ ಹೆಸರುಗಳನ್ನು ಕೇಳುತ್ತಲೇ ನಾನು ಬೆಳೆದೆ. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಕಸಿ ಮಾವಿನ ಗಿಡಗಳನ್ನು ತರಿಸಿತು. ಅವುಗಳಲ್ಲಿ ಒಂದು ತಳಿಯ ಹೆಸರು ದಾಖಲೆಯಲ್ಲಿ 'ಮುಲ್ಗೋಬಾ'. ಅದು ನಮ್ಮ ಇಂದಿನ ಮಲಗೋವಾ ತಳಿಯೇ ಹೌದೋ ಅಲ್ಲವೋ ಎಂದು ಬಲ್ಲವರಲ್ಲಿ ವಾದವಿದೆ, ಹೆಸರಂತೂ ಅದೇ. ಇಂದಿನ ವೆಸ್ಟ್ ಪಾಮ್ ಬೀಚ್ ಬಳಿ ಎಲ್‌ಬ್ರಿಜ್ ಗೇಲ್ ಎಂಬ ನಿವೃತ್ತ ಪ್ರಾಧ್ಯಾಪಕರ ತೋಟಕ್ಕೆ ಹೋದ ಗಿಡಗಳಲ್ಲಿ ಉಳಿದದ್ದು ಒಂದೇ ಒಂದು ಮುಲ್ಗೋಬಾ. 1894-95ರ ಹಿಮವನ್ನೂ ಅದು ತಡೆದುಕೊಂಡಿತು. ಅದರ ಹಣ್ಣಿನ ರುಚಿಗೆ ಮನಸೋತ ಜಾನ್ ಹೇಡನ್ ಎಂಬ ನಿವೃತ್ತ ಸೇನಾಧಿಕಾರಿ 1902ರಲ್ಲಿ ಮಯಾಮಿಯ ಕೊಕೊನಟ್ ಗ್ರೋವ್‌ನಲ್ಲಿ ಅದರ ಓಟೆಗಳನ್ನು ನೆಟ್ಟರು. ಮರುವರ್ಷವೇ ಅವರು ತೀರಿಕೊಂಡರು. ಸಸಿಗಳನ್ನು ಸಾಕಿದವರು ಅವರ ಹೆಂಡತಿ ಫ್ಲಾರೆನ್ಸ್. 1910ರಲ್ಲಿ ಒಂದು ಮರ ಕೆಂಪು-ಹಳದಿ ಬಣ್ಣದ, ನೋಡಿದವರ ಕಣ್ಣು ಕೀಳದಂಥ ಹಣ್ಣು ಬಿಟ್ಟಿತು. ಅದೇ ಹೇಡನ್ ತಳಿ. ಅದರ ಓಟೆಯಿಂದ ಹುಟ್ಟಿದ್ದು ಬ್ರೋವರ್ಡ್‌ನ ಟಾಮಿ ಅಟ್ಕಿನ್ಸ್. ಇಂದು ಅಮೆರಿಕದ ಯಾವುದೇ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಮೆಕ್ಸಿಕೋ, ಬ್ರೆಜಿಲ್ ಮಾವು ಬಹುಮಟ್ಟಿಗೆ ಈ ವಂಶದ್ದೇ. ಟಾಮಿ ಅಟ್ಕಿನ್ಸ್‌ನಲ್ಲಿ ನಾರು ಜಾಸ್ತಿ, ದೂರದ ಪ್ರಯಾಣ ತಾಳಿಕೊಳ್ಳುವುದೇ ಅದರ ಗುಣ. ಆದರೆ ಮನೆಯಂಗಳದ ಹೇಡನ್ ಮರದಲ್ಲೇ ಹಣ್ಣಾದದ್ದನ್ನು ತಿಂದವರಿಗೆ ಗೊತ್ತು, ಅದರ ಘಮ ಬೇರೆ. ಜೂನ್-ಜುಲೈನಲ್ಲಿ ಜನ ತಿಂದು ಮಿಕ್ಕ ಹಣ್ಣನ್ನು ಪೆಟ್ಟಿಗೆಯಲ್ಲಿ ತುಂಬಿ ಗೇಟಿನ ಮುಂದೆ ಇಡುತ್ತಾರೆ, ಬೇಕಾದವರು ಒಯ್ಯಲಿ ಎಂದು. ಆ ತಿಂಗಳುಗಳಲ್ಲಿ ನನಗೆ ಊರು ದೂರವೆನ್ನಿಸುವುದಿಲ್ಲ.

ಕರಿಬೇವಿನ ಕತೆ ಇಷ್ಟು ಸುಖದ್ದಲ್ಲ. ಕಿತ್ತಳೆ ಜಾತಿಯ ಗಿಡಗಳ ರಸ ಹೀರುವ ಏಷ್ಯಾದ ಒಂದು ಸಣ್ಣ ಕೀಟ 1998ರಲ್ಲಿ ಇಲ್ಲಿ ಕಾಣಿಸಿತು. ಅದು ಹರಡುವ ಗ್ರೀನಿಂಗ್ ರೋಗ 2005ರಲ್ಲಿ ಮೊದಲು ಪತ್ತೆಯಾದದ್ದು ಮಯಾಮಿ-ಡೇಡ್ ಪ್ರದೇಶದಲ್ಲಿ. ಅಲ್ಲಿಂದೀಚೆಗೆ ಫ್ಲೋರಿಡಾದ ಕಿತ್ತಳೆ ಇಳುವರಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿದಿದೆ. ಕರಿಬೇವು ಆ ಕೀಟದ ಇಷ್ಟದ ಆಸರೆ. ಹೀಗಾಗಿ ಗಿಡವನ್ನು, ಎಲೆಯನ್ನು ಇಲ್ಲಿಂದ ಬೇರೆ ರಾಜ್ಯಕ್ಕೆ ಒಯ್ಯಲು ನಿರ್ಬಂಧಗಳಿವೆ. ಟೆಕ್ಸಾಸ್‌ನಲ್ಲಿರುವ ತಂಗಿ ಫೋನ್ ಮಾಡಿದಾಗಲೆಲ್ಲ “ಅಣ್ಣಾ, ಬರುವಾಗ ಒಂದು ಕಡ್ಡಿ ತಾ” ಎನ್ನುತ್ತಾಳೆ. ಒಯ್ಯುವುದಿಲ್ಲ. ಕಿತ್ತಳೆ ಬೆಳೆಗಾರರು ಇಲ್ಲಿ ತೋಟ ಮಾರಿಕೊಂಡು ಹೋಗುವುದನ್ನು, ಆ ತೋಟಗಳಲ್ಲಿ ಮನೆಗಳು ಏಳುವುದನ್ನು ಕಂಡಿದ್ದೇನೆ. ತೋಟ ಸತ್ತರೆ ಬಡಾವಣೆ ಹುಟ್ಟುತ್ತದೆ ಎಂಬುದು ಕೋಲಾರದವರಿಗೂ ಹೊಸದಲ್ಲ.

ನಮ್ಮ ಬಡಾವಣೆಗಳು ಎದ್ದದ್ದು ಹೇಗೆಂಬುದನ್ನೂ ಹೇಳಬೇಕು. ಪೂರ್ವದ ದಿಣ್ಣೆ ತುಂಬಿದ ಮೇಲೆ ಊರು ಪಶ್ಚಿಮಕ್ಕೆ, ಎವರ್‌ಗ್ಲೇಡ್ಸಿನೊಳಕ್ಕೆ ನುಗ್ಗಿತು. ಮನೆಗೆ ಎತ್ತರ ಬೇಕಲ್ಲ, ಪಕ್ಕದಲ್ಲೇ ನೆಲ ಅಗೆದು ಆ ಕಲ್ಲುಮಣ್ಣನ್ನು ಹಾಸಿದರು. ಅಗೆದ ಹೊಂಡಕ್ಕೆ ನೀರು ತಾನಾಗಿ ತುಂಬಿತು. ಅದಕ್ಕೆ ಲೇಕ್ ಎಂದು ಹೆಸರಿಟ್ಟು, ಅದರ ಅಂಚಿನ ಮನೆಗಳಿಗೆ ಹೆಚ್ಚು ಬೆಲೆ ಕಟ್ಟಿದರು. ಪಶ್ಚಿಮದ ಕೊನೆಯಲ್ಲಿ ಉದ್ದಕ್ಕೂ ಒಂದು ಏರಿ ಇದೆ. ನಾನು ಸಂಜೆ ನಡೆಯಲು ಹೋಗುವುದು ಅದರ ಮೇಲೆ. ಒಂದು ಕಡೆ ಒಂದೇ ಅಚ್ಚಿನ ಹಂಚಿನ ಮಾಡುಗಳು, ಕತ್ತರಿಸಿದ ಹುಲ್ಲು, ಈಜುಕೊಳ. ಇನ್ನೊಂದು ಕಡೆ ದಿಗಂತದವರೆಗೆ ಗರಗಸದ ಹುಲ್ಲು, ನೀರು, ಕೊಕ್ಕರೆಗಳು, ದಡದಲ್ಲಿ ಮೈ ಕಾಯಿಸುವ ಮೊಸಳೆ. ಮಳೆಗಾಲದ ಕೊನೆಗೆ ಆ ಕಡೆಯ ನೀರು ಈ ಕಡೆಯ ಅಂಗಳಗಳಿಗಿಂತ ಎತ್ತರದಲ್ಲಿ ನಿಂತಿರುತ್ತದೆ. ಊರನ್ನು ಒಣಗಿಸಿಟ್ಟಿರುವುದು ಆ ಏರಿ, ಪಂಪುಗಳು, ತೂಬುಗಳು ಮಾತ್ರ.

ಗಾಳಿಯ ಪಾಠ 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಕಲಿಸಿತು. ಮಯಾಮಿಯ ದಕ್ಷಿಣದ ಹೋಮ್‌ಸ್ಟೆಡ್ ಕಡೆ 25,000ಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಅವಸರದಲ್ಲಿ ಮೊಳೆ ಹೊಡೆದ ಮಾಡುಗಳು ಹಾರಿಹೋದದ್ದು ಎಲ್ಲರ ಕಣ್ಣಿಗೂ ಬಿತ್ತು. ಆಮೇಲೆ ಇಲ್ಲಿನ ಕಟ್ಟಡ ನಿಯಮಗಳು ದೇಶದಲ್ಲೇ ಅತಿ ಬಿಗಿಯಾದವು. ಅದು ನಿಜವಾದ ಕಲಿಕೆ, ಮೆಚ್ಚಬೇಕು. ಆದರೆ ವಿಮೆಯ ಕಂತು ಏರುತ್ತಲೇ ಇದೆ. ಮಾಡು ಹಳೆಯದಾಯಿತೆಂದು ನನ್ನ ವಿಮೆಯನ್ನು ಕಂಪನಿಯೊಂದು ಒಂದು ಪತ್ರ ಬರೆದು ಕೈಬಿಟ್ಟಿತು. ನೆರೆಯ ನಿವೃತ್ತ ದಂಪತಿ ಕಂತು ಕಟ್ಟಲಾರದೆ ಮನೆ ಮಾರಿ ಜಾರ್ಜಿಯಾಕ್ಕೆ ಹೋದರು.

ನೀರಿನ ಪಾಠ ಇನ್ನೂ ಪೂರ್ತಿ ಆಗಿಲ್ಲ. ಮಯಾಮಿಯ ತಳದಲ್ಲಿರುವುದು ತೂತುತೂತಾದ ಸುಣ್ಣಕಲ್ಲು. ಅದರೊಳಗೆ ಬಿಸ್ಕೇನ್ ಅಂತರ್ಜಲವಿದೆ, ಲಕ್ಷಾಂತರ ಜನರ ಕುಡಿಯುವ ನೀರು. ಎವರ್‌ಗ್ಲೇಡ್ಸಿನ ಕಡೆಯಿಂದ ಬರುವ ಸಿಹಿನೀರಿನ ಒತ್ತಡವೇ ಕಡಲಿನ ಉಪ್ಪುನೀರನ್ನು ಹಿಂದಕ್ಕೆ ತಳ್ಳಿ ಹಿಡಿದಿತ್ತು. ಸಿಹಿನೀರನ್ನು ಬಸಿದು ಹಾಕಿದಷ್ಟೂ ಉಪ್ಪುನೀರು ಕಲ್ಲಿನ ಒಳಗಿನಿಂದ ಒಳನಾಡಿಗೆ ಸರಿಯುತ್ತದೆ. ಕರಾವಳಿಯ ಹಳೆಯ ಬಾವಿಗಳು ಹೀಗೆಯೇ ಕೆಟ್ಟವು. ಈ ನಾಡು ಶತ್ರುವೆಂದು ಹೊರಗೆ ದೂಡಿದ ನೀರೇ ಕಡಲಿಗೆ ಅಡ್ಡವಾಗಿ ನಿಂತಿದ್ದ ತಡೆಗೋಡೆ. ನನಗೆ ಈ ನಾಡಿನ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದೇ. ಈಗ ಕಡಲ ಮಟ್ಟವೂ ಏರುತ್ತಿದೆ. ತಳವೇ ತೂತಾಗಿರುವಾಗ ದಡದಲ್ಲಿ ಎಷ್ಟು ಎತ್ತರದ ಗೋಡೆ ಕಟ್ಟಿದರೂ ನೀರು ಅಡಿಯಿಂದ ಬರುತ್ತದೆ. ಸೆಪ್ಟೆಂಬರ್-ನವೆಂಬರ್ ತಿಂಗಳ ದೊಡ್ಡ ಭರತದ ದಿನಗಳಲ್ಲಿ ಮಯಾಮಿ ಬೀಚ್‌ಗೆ ಹೋಗಿ ನೋಡಿ. ಆಕಾಶದಲ್ಲಿ ಮೋಡವಿಲ್ಲ, ಮಳೆಯಿಲ್ಲ. ರಸ್ತೆಬದಿಯ ಚರಂಡಿಯ ಕಬ್ಬಿಣದ ಜಾಲರಿಯ ಕಂಡಿಗಳಿಂದ ಮೊದಲು ಸಣ್ಣ ಗುಳ್ಳೆಗಳು ಬರುತ್ತವೆ. ಆಮೇಲೆ ತಿಳಿಯಾದ ಉಪ್ಪುನೀರು ಮೇಲೆದ್ದು ಹರಡಿ ಕಾರಿನ ಗಾಲಿಯನ್ನು ಮುಟ್ಟುತ್ತದೆ. ನಗರಸಭೆ ರಸ್ತೆಗಳನ್ನೇ ಎತ್ತರಿಸಿ ಪಂಪು ಹಾಕಿದೆ. ರಸ್ತೆ ಎತ್ತರವಾದಲ್ಲಿ ಪಕ್ಕದ ಹಳೆಯ ಅಂಗಡಿಗಳು ತಗ್ಗಾದವು.

ಇದರ ಇನ್ನೊಂದು ಪರಿಣಾಮ ಹೈಟಿಯವರು ನೆಲೆಸಿರುವ ಮಯಾಮಿಯ ಲಿಟಲ್ ಹೈಟಿ ಎಂಬ ಕೇರಿಯಲ್ಲಿ ಕಾಣುತ್ತದೆ. ಕಡಲಂಚಿನಲ್ಲಿ ಜಾಗ ಸಿಗದ ಬಡವರಿಗೆ, ಕಪ್ಪು ಜನರಿಗೆ ಉಳಿದದ್ದು ಒಳಗಿನ ಈ ದಿಣ್ಣೆ. ಈಗ ಅದರ ಎತ್ತರವೇ ಬಂಡವಾಳವಾಗಿ ಕಟ್ಟಡ ಉದ್ಯಮಿಗಳ ಕಣ್ಣು ಅಲ್ಲಿ ಬಿದ್ದಿದೆ. ಬಾಡಿಗೆ ಏರಿ ಹೈಟಿಯ ಹಳೆಯ ಅಂಗಡಿಗಳು ಬಾಗಿಲು ಹಾಕುತ್ತಿವೆ. ಇದು ಅನ್ಯಾಯ. ಆ ದಿಣ್ಣೆ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅಲ್ಲಿ ಊರು ಮಾಡಿದವರು ಅವರು.

ತಿದ್ದುವ ಕೆಲಸವೂ ನಡೆದಿದೆ, ಅದನ್ನು ಹೇಳದಿದ್ದರೆ ಈ ಬರಹ ಅರೆಯಾಗುತ್ತದೆ. ಕಿಸಿಮ್ಮಿ ನದಿಯನ್ನು 1962ರಿಂದ 1971ರ ನಡುವೆ ನೇರ ಕಾಲುವೆಯಾಗಿ ತೋಡಿ 90 ಕಿ.ಮೀ.ಗೆ ಇಳಿಸಿದ್ದರು. 1999ರಲ್ಲಿ ಅದನ್ನು ತೋಡಿದ್ದ ಸೇನೆಯ ಇಂಜಿನಿಯರಿಂಗ್ ದಳದವರೇ ಆ ಕಾಲುವೆಯನ್ನು ಮುಚ್ಚಿ ನದಿಯನ್ನು ಹಳೆಯ ತಿರುವುಗಳಿಗೆ ಮರಳಿ ಹರಿಸತೊಡಗಿದರು. 2021ರಲ್ಲಿ ಕೆಲಸ ಮುಗಿದು ಸುಮಾರು 70 ಕಿ.ಮೀ. ನದಿ ಮತ್ತೆ ಬಳಸಿ ಹರಿಯುತ್ತಿದೆ, ಹಕ್ಕಿಗಳು ಬಂದಿವೆ. ಎವರ್‌ಗ್ಲೇಡ್ಸನ್ನು ಅಡ್ಡಹಾಯುವ, 1928ರಲ್ಲಿ ತೆರೆದ ತಮಿಯಾಮಿ ಹೆದ್ದಾರಿ ಅಡ್ಡಕಟ್ಟೆಯಾಗಿ ನೀರನ್ನು ತಡೆದಿತ್ತು. ಅದರ ಐದು ಕಿ.ಮೀ.ಗೂ ಹೆಚ್ಚು ಭಾಗವನ್ನು ಸೇತುವೆಗಳ ಮೇಲೆತ್ತಿ ಕೆಳಗೆ ನೀರು ಬಿಟ್ಟಿದ್ದಾರೆ. 2000ದಲ್ಲಿ ಸಂಸತ್ತು ಒಪ್ಪಿದ ಎವರ್‌ಗ್ಲೇಡ್ಸ್ ಪುನರುಜ್ಜೀವನ ಯೋಜನೆಯ ಅಂದಿನ ಅಂದಾಜು 780 ಕೋಟಿ ಡಾಲರ್, ಈಗ ಅದು ಎರಡು ಪಟ್ಟನ್ನೂ ಮೀರಿದೆ. ಇದೇ ಸೀಮೆಯ ಬಿಗ್ ಸೈಪ್ರಸ್ ಜೌಗಿನಲ್ಲಿ 1968ರಲ್ಲಿ ಭಾರೀ ವಿಮಾನ ನಿಲ್ದಾಣವೊಂದನ್ನು ಕಟ್ಟಲು ಹೊರಟಾಗ, ಎಪ್ಪತ್ತೊಂಬತ್ತರ ವಯಸ್ಸಿನ ಲೇಖಕಿ ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ 1969ರಲ್ಲಿ ಸಂಘ ಕಟ್ಟಿ ಊರೂರು ಸುತ್ತಿ ವಿರೋಧಿಸಿದರು. ಯೋಜನೆ ನಿಂತಿತು, ಒಂದು ರನ್‌ವೇ ಮಾತ್ರ ಉಳಿಯಿತು. 2025ರಲ್ಲಿ ಆ ರನ್‌ವೇಯ ಮೇಲೆ ವಲಸಿಗರ ಬಂಧನ ಕೇಂದ್ರ ಎದ್ದಾಗ ಮಿಕ್ಕೊಸುಕಿ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವಲಸೆ ಬಂದವರೇ ಕಟ್ಟಿದ ನಾಡಿನಲ್ಲಿ ಅದನ್ನು ಕಂಡು ಸುಮ್ಮನಿರುವುದು ನನಗಂತೂ ಕಷ್ಟವಾಯಿತು.

ಜನ ಬರುವುದು ನಿಂತಿಲ್ಲ, ನಮ್ಮವರೂ ಬರುತ್ತಿದ್ದಾರೆ. ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ದಾವಣಗೆರೆ ಕಡೆಯ ಹೊಸ ದಂಪತಿ ಪಕ್ಕದಲ್ಲಿ ಕುಳಿತಿದ್ದರು. “ಅಣ್ಣಾ, ಮನೆ ಕೊಳ್ಳಬೇಕೆಂದಿದ್ದೇವೆ, ಯಾವ ಕಡೆ ನೋಡಿದರೆ ಒಳ್ಳೆಯದು?” ಎಂದು ಆ ಹುಡುಗ ಕೇಳಿದ. ಶಾಲೆ ಯಾವುದು ಚೆನ್ನಾಗಿದೆ ಎಂದು ಹೇಳುತ್ತೇನೆಂದು ಕಾದಿದ್ದ. ನಾನು ಮೊದಲು ನೆಲದ ಎತ್ತರ ಕೇಳು ಎಂದೆ. ಮಾಡಿಗೆ ಎಷ್ಟು ವರ್ಷ, ಪ್ರವಾಹ ನಕ್ಷೆಯಲ್ಲಿ ಯಾವ ವಲಯ, ಬೀದಿಯ ಮಳೆನೀರು ಯಾವ ಕಾಲುವೆಗೆ ಹೋಗುತ್ತದೆ, ಆ ಕಾಲುವೆಯ ತೂಬು ಎಲ್ಲಿದೆ ಎಂದು ಒಂದೊಂದಾಗಿ ಹೇಳಿದೆ. ಅವನ ಹೆಂಡತಿ, “ಹಿಂದೆ ಕೆರೆ ಇರುವ ಮನೆ ಒಂದನ್ನು ನೋಡಿದ್ದೇವೆ ಅಣ್ಣಾ. ನೀರು ಹತ್ತಿರವಿದ್ದರೆ ಶುಭ ಎನ್ನುತ್ತಾರೆ ನಮ್ಮ ಅತ್ತೆ” ಎಂದಳು. ಅತ್ತೆಯವರ ಮಾತು ದಾವಣಗೆರೆಗೆ ನೂರಕ್ಕೆ ನೂರು ಸರಿ, ಇಲ್ಲಿ ಆ ಕೆರೆ ನಿಮ್ಮ ಮನೆಗೆ ಮಣ್ಣು ಅಗೆದ ಗುಂಡಿ ಎಂದೆ.

ಮುಂದಿನ ಭಾನುವಾರ ಇಬ್ಬರನ್ನೂ ಏರಿಯ ಮೇಲೆ ಕರೆದುಕೊಂಡು ಹೋದೆ. ಹುಡುಗ ಸಿವಿಲ್ ಇಂಜಿನಿಯರ್. ಎರಡು ಕಡೆಯ ಮಟ್ಟವನ್ನು ಬಹಳ ಹೊತ್ತು ನೋಡಿ, ವಿದ್ಯುತ್ ಹೋದರೆ ಪಂಪುಗಳಿಗೆ ಡೀಸೆಲ್ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆ ಅದೇ. ಅವರು ಈಗ ಪೂರ್ವದ ದಿಣ್ಣೆಯ ಮೇಲಿನ ಹಳೆಯ ಮನೆಗಳನ್ನೂ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ಬರುವ ಶನಿವಾರ ಎರಡು ಮನೆ ನೋಡುವುದಿದೆ, ಎರಡರ ಎತ್ತರದ ಪ್ರಮಾಣಪತ್ರವನ್ನೂ ಮೊದಲೇ ತರಿಸಿಡಲು ಹೇಳಿದ್ದೇನೆ.